ಮೌಲಾನ ಪಾಲಿನ ರೊಟ್ಟಿ

ಕಳೆದ ಮಂಗಳವಾರ ಮಧ್ಯಾಹ್ನ ನಾನು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು, ನನಗೇ ಅರ್ಥವಾಗದ ಪತ್ರವೊಂದನ್ನು ಗಟ್ಟಿಯಾಗಿ ಓದುತ್ತಿದ್ದೆ. ಡಚ್ಚರ ಮನೆಯ ಮೆಟ್ಟಿಲೆಂದರೆ ಗೋಡೆಗೆ ಒರಗಿಸಿಟ್ಟ ಏಣಿ ಎಂದೇ ತಿಳಿಯಿರಿ. ಅದರ ಮೇಲೆ ಹತ್ತು ನಿಮಿಷ ಕುಳಿತರೆ ಸೊಂಟ ತನ್ನ ವಯಸ್ಸು ಹೇಳತೊಡಗುತ್ತದೆ. ಮೇಲಿನ ಮೆಟ್ಟಿಲಿಗೆ ಎದುರಾಗಿಯೇ ಮಗಳು ಸನಾಳ ಕೋಣೆಯ ಬಾಗಿಲು. ಹದಿಮೂರು ವರ್ಷದ ಅವಳಿಗೆ ಕರೋನಾ ಬಂದು ಅವತ್ತಿಗೆ ನಾಲ್ಕನೇ ದಿನ. ಅವಳು ಬಾಗಿಲ ಆಚೆ, ನಾನು ಈಚೆ, ನಡುವೆ ತಟ್ಟೆ ಇಡಲು ಒಂದು ಸ್ಟೂಲು. ನನ್ನ ಯಜಮಾನರು ಟಿಲ್‌ಬರ್ಗ್‌ನ ಗೋದಾಮೊಂದರಲ್ಲಿ ಕೆಲಸ ಮಾಡುವವರು. ಆ ವಾರ ಪಾಳಿ ಇದ್ದುದರಿಂದ ಅಲ್ಲಿಯೇ ಗೆಳೆಯನ ಮನೆಯಲ್ಲಿದ್ದರು, ಸುದ್ದಿ ಕೇಳಿ ಅಲ್ಲಿಯೇ ಉಳಿದುಕೊಂಡರು.

ಪತ್ರ ಆರೋಗ್ಯ ಇಲಾಖೆಯದು. ಜೊತೆಗಿರುವವರು ಏನು ಮಾಡಬೇಕು, ಎಷ್ಟು ದಿನ ಹೊರಗೆ ಹೋಗಬಾರದು ಎಂಬುದೆಲ್ಲ ಅದರಲ್ಲಿ ಇತ್ತಂತೆ. ಈ ದೇಶಕ್ಕೆ ಬಂದು ಒಂಬತ್ತು ವರ್ಷವಾದರೂ ನನಗೆ ಡಚ್ ಬಾರದು. ಆಫೀಸು ಇಂಗ್ಲಿಷಿನಲ್ಲಿ ನಡೆಯುತ್ತದೆ, ಮನೆ ಕನ್ನಡದಲ್ಲೂ ನಮ್ಮ ಸೀಮೆಯ ಉರ್ದುವಾದ ದಖನಿಯಲ್ಲೂ ನಡೆಯುತ್ತದೆ, ಅಂಗಡಿ ಕೈಸನ್ನೆಯಲ್ಲಿ ನಡೆಯುತ್ತದೆ ಎಂದು ನೆಪ ಹೇಳಿಕೊಂಡು ಬಂದಿದ್ದೇನೆ. ಆದರೆ ಉಚ್ಚಾರ ಮಾತ್ರ ಬರುತ್ತದೆ. ಡಚ್ಚರು ಗಂಟಲು ಕೆರೆದು ಹೊರಡಿಸುವ ಆ ಅಕ್ಷರ ಉರ್ದು ಗೊತ್ತಿರುವ ನನಗೆ ಬಲು ಸಲೀಸು. ಹೀಗಾಗಿ ನಾನು ಓದುತ್ತಿದ್ದೆ, ಒಂದು ಪದವೂ ತಿಳಿಯದೆ. ತಲೆನೋವಿಗೆ ಓದಲಾಗದ ಸನಾ ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದಳು, ಒಂದು ಅಕ್ಷರವೂ ನೋಡದೆ. ನಡುನಡುವೆ ಕೆಮ್ಮುತ್ತ "ಮಾ, ನೀನು ಹೊರಗಡೆ ಹೋಗೋ ಹಾಗಿಲ್ಲ, ನೆಕ್ಸ್ಟ್" ಎನ್ನುತ್ತಿದ್ದಳು. ಇಬ್ಬರೂ ಸೇರಿ ಒಬ್ಬ ಓದುಗನಾಗಿದ್ದೆವು.

ಹಾಗನ್ನಿಸಿದ ಕೂಡಲೇ ನನಗೆ ನಾನಿ ನೆನಪಾದಳು. ನಾನಿ ಎಂದರೆ ನನ್ನ ತಾಯಿಯ ತಾಯಿ. ಅವಳೂ ಹೀಗೆಯೇ ಬಾಗಿಲ ಮರೆಯಲ್ಲಿ ಕುಳಿತು ಪತ್ರ ಓದಿಸಿಕೊಂಡವಳು.

ಅದನ್ನು ಹೇಳುವ ಮೊದಲು ಈ ಊರಿನ ಬಗ್ಗೆ ಎರಡು ಮಾತು. ನಾವಿರುವ ಬಾಡ್‌ಹೂವೆಡಾರ್ಪ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಮೊದಲೆಲ್ಲ ಇಲ್ಲಿ ಮಾತಾಡುವಾಗ ವಿಮಾನ ದಾಟಿಹೋಗಲಿ ಎಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಕಾಯುವ ರೂಢಿ ಎಲ್ಲರಿಗೂ ಇತ್ತು. ಈಗ ಒಂದು ವರ್ಷದಿಂದ ಆಕಾಶ ಹೆಚ್ಚುಕಡಿಮೆ ಖಾಲಿ. ಆದರೂ ಅರ್ಧ ವಾಕ್ಯಕ್ಕೆ ನಿಲ್ಲುವುದು ನನಗೆ ತಪ್ಪಿಲ್ಲ. ಬಟ್ಟೆ ಮಡಚುತ್ತ ನಿಲ್ಲುತ್ತೇನೆ, ಮೀಟಿಂಗಿನ ನಡುವೆ ನಿಲ್ಲುತ್ತೇನೆ, ಏನು ಹೇಳಲು ಹೊರಟಿದ್ದೆ ಎಂಬುದು ಮರೆತುಹೋಗುತ್ತದೆ. ಸುಸ್ತು ಎಂದರೆ ಕೆಲಸದ ಸುಸ್ತಲ್ಲ ಇದು. ಎದ್ದ ಕೂಡಲೇ ಇರುವ ಸುಸ್ತು.

ಈ ಸುಸ್ತಿಗೆ ಕಾರಣವೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ವಿಜಯಪುರದಲ್ಲಿ ನನ್ನ ಅಮ್ಮಿ ನನ್ನ ತಮ್ಮ ಅಶ್ಫಾಕನ ಮನೆಯಲ್ಲಿದ್ದಾಳೆ. ರಂಜಾನಿನ ನಡುವೆ ಅವಳಿಗೂ ಅವಳ ಅಣ್ಣನಿಗೂ, ಅಂದರೆ ನನ್ನ ಮಾಮುವಿಗೂ, ಒಂದೇ ವಾರದಲ್ಲಿ ಕರೋನಾ ಬಂತು. ಅಮ್ಮಿಗೆ ಮನೆಯಲ್ಲೇ ಆಕ್ಸಿಜನ್ ಕೊಡಿಸಿ ಉಳಿಸಿಕೊಂಡೆವು. ಮಾಮು ಆಸ್ಪತ್ರೆಗೆ ಹೋದವರು ಬರಲಿಲ್ಲ. ಅಶ್ಫಾಕ್ ಫೋನಿನಲ್ಲಿ ಅತ್ತು ಮುಗಿಸಿದ ಮೇಲೆ ಹೇಳಿದ, "ಅಕ್ಕಾ, ಅಮ್ಮಿಗಿ ಈಗ ಹೇಳೂದು ಬ್ಯಾಡ. ತಡಕೊಳ್ಳಂಗಿಲ್ಲ ಆಕಿ. ಹದಿನೈದು ದಿನಾ ಹೋಗ್ಲಿ, ಗಟ್ಟಿ ಆಗ್ಲಿ." ನಾನು ಹೂಂ ಅಂದೆ. ಸಾವಿರಾರು ಮೈಲಿ ದೂರದಲ್ಲಿ ಕುಳಿತವಳು ಮತ್ತೇನು ಅನ್ನಲು ಸಾಧ್ಯ ಎಂದುಕೊಂಡೆ.

ಹದಿನೈದು ದಿನ ದಾಟಿ ಒಂದು ವಾರವಾಗಿತ್ತು. ದಿನಾ ಮಧ್ಯಾಹ್ನ ನಾನು ವಿಡಿಯೊ ಕರೆ ಮಾಡುವುದು, ಅಮ್ಮಿ ದಿಂಬಿಗೆ ಒರಗಿ ಮೊದಲು ಕೇಳುವುದು ಒಂದೇ ಪ್ರಶ್ನೆ, "ಭಾಯಿ ಹೆಂಗದಾನ?" ಅವರ ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ ಎಂದು ನಾನು ಹೇಳುವುದು. ಈದ್ ದಿನ ಎಲ್ಲರಿಗಿಂತ ಮೊದಲು ಫೋನು ಮಾಡುತ್ತಿದ್ದವರು ಮಾಮು. ಈ ಸಲ ಮಾಡಲಿಲ್ಲ. ಆವತ್ತು ಅಮ್ಮಿ ಅಶ್ಫಾಕನನ್ನು ಕೋಣೆಯಿಂದ ಹೊರಗೆ ಕಳಿಸಿ, ಫೋನನ್ನು ಮುಖದ ಹತ್ತಿರ ತಂದು ಕೇಳಿದ್ದಳು, "ಇಂವಾ ಏನರ ಮುಚ್ಚಾಕತ್ತಾನೇನು? ನೀ ಹೇಳವಾ, ಭಾಯಿ ಆರಾಮದಾನ ಅನ್ನೂದು ಖರೇ ಏನು?"

"ಖರೇನ ಅಮ್ಮಿ" ಅಂದಿದ್ದೆ. "ಈದ್ ಮುಬಾರಕ್ ಹೇಳು ಅಂದಾರ ನಿನಗ" ಎಂದು ಕೂಡ ಸೇರಿಸಿದ್ದೆ. ಸುಳ್ಳಿಗೆ ಒಗ್ಗರಣೆ ಹಾಕುವುದರಲ್ಲಿ ನಾನು ಇಷ್ಟು ಜಾಣೆ ಎಂದು ನನಗೇ ಗೊತ್ತಿರಲಿಲ್ಲ.

ಮಾಮು ತೀರಿದ ಮರುದಿನ ಮೇ ನಾಲ್ಕು. ಆ ಸಂಜೆ ಎಂಟಕ್ಕೆ ಈ ದೇಶವೆಲ್ಲ ಯುದ್ಧದಲ್ಲಿ ಸತ್ತವರಿಗಾಗಿ ಎರಡು ನಿಮಿಷ ಸುಮ್ಮನಾಗುತ್ತದೆ. ಸೂರ್ಯ ಇನ್ನೂ ಮುಳುಗಿರುವುದಿಲ್ಲ. ಪಕ್ಕದ ಮನೆಯ ಮುದುಕಿ ರೀಟ್ ತನ್ನ ಬಾಗಿಲಲ್ಲಿ ನಿಂತಿದ್ದಳು, ನಾನು ನನ್ನ ಬಾಗಿಲಲ್ಲಿ. ಮುಗಿದ ಮೇಲೆ ಅವಳು ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಕೇಳಿದಳು, ನಿಮ್ಮವರು ಯಾರಾದರೂ ಆ ಯುದ್ಧದಲ್ಲಿ ಇದ್ದರಾ ಎಂದು. ನನ್ನ ಅಜ್ಜ ಬರ್ಮಾ ಗಡಿಯಲ್ಲಿ ಲಾರಿ ಓಡಿಸಿದರು ಅಂದೆ. ಅವರ ತಮ್ಮನ ಮಾತು ಎತ್ತಲಿಲ್ಲ. ನನ್ನ ಮುಖ ಒದ್ದೆಯಾಗಿದ್ದನ್ನು ಅವಳು ಅಜ್ಜನ ಲೆಕ್ಕಕ್ಕೆ ಹಿಡಿದಿರಬೇಕು. ನಿಜ ಹೇಳಬೇಕೆಂದರೆ ಮಾಮುವಿಗಾಗಿ ನಾನು ಅತ್ತದ್ದು ಆ ಎರಡು ನಿಮಿಷ ಮಾತ್ರ. ಬೇರೆಯವರ ಸತ್ತವರ ನಡುವೆ ನನ್ನವರನ್ನೂ ತೂರಿಸಿಬಿಟ್ಟೆ.

ಅಜ್ಜನ, ಅಂದರೆ ನಾನಿಯ ಗಂಡನ, ತಮ್ಮನ ಹೆಸರು ಮೌಲಾಸಾಬ. ಮನೆಯಲ್ಲಿ ಮೌಲಾ. ಅಣ್ಣನ ಬೆನ್ನು ಬಿಡದವನು. ಅಣ್ಣ ಫೌಜಿಗೆ ಸೇರಿದ ಮೂರೇ ತಿಂಗಳಿಗೆ ಇವನೂ ಸೇರಿದ. ಅವನಿಗೆ ಕೊಟ್ಟದ್ದು ಬಂದೂಕಲ್ಲ, ಗಾಯಾಳುಗಳನ್ನು ಹೊರುವ ಡೋಲಿ. ಹತ್ತಿರದ ಸಂಬಂಧಿ ಯಾರು ಎಂದು ಕೇಳಿದಾಗ ಮದುವೆಯಾಗದ ಅವನು ಅಣ್ಣನ ಹೆಸರನ್ನೇ ಬರೆಸಿದ್ದನಂತೆ. ಇದೊಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರಿಂದಲೇ ಆದದ್ದು.

ವಿಜಯಪುರದ ಸಮೀಪದ ಹಳ್ಳಿಯಲ್ಲಿ ಉಳಿದವರು ಇಬ್ಬರು ಹೆಂಗಸರು. ಒಬ್ಬಳು ನಾನಿ, ಆಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಇನ್ನೊಬ್ಬಳು ಅವಳ ಅತ್ತೆ, ಈ ಇಬ್ಬರು ಸಿಪಾಯಿಗಳ ತಾಯಿ. ಮನೆಮಂದಿಯೆಲ್ಲ ಅವಳನ್ನು ಬಡೀಮಾ ಎನ್ನುತ್ತಿದ್ದರು. ಬಡೀಮಾಳಿಗೆ ಕಿವಿ ಮಂದ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು.

ಅಜ್ಜನಿಂದ ತಿಂಗಳಿಗೊಂದು ಕಾಗದ ಬರುತ್ತಿತ್ತು. ಅದರ ಗಮ್ಮತ್ತು ಏನೆಂದರೆ, ಫೌಜಿನಲ್ಲಿ ಆಗ ಸಿಪಾಯಿಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಉರ್ದು ಬರೆಯುವುದನ್ನು ಕಲಿಸುತ್ತಿದ್ದರಂತೆ. ಊರಲ್ಲಿದ್ದಾಗ ಅಜ್ಜನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ, ಕಲಿತದ್ದು ಇದೊಂದೇ. ಮಾತು ದಖನಿ, ಅಕ್ಷರ ಇಂಗ್ಲಿಷು. ಊರಿನ ಮುಲ್ಲಾಗೆ ಉರ್ದು ಓದಲು ಬರುತ್ತಿತ್ತು, ಆದರೆ ಈ ಅಕ್ಷರ ಗೊತ್ತಿಲ್ಲ. ಈ ಅಕ್ಷರ ಗೊತ್ತಿದ್ದವರು ಇಡೀ ಊರಿಗೆ ಒಬ್ಬರೇ, ಟಪಾಲು ಕಚೇರಿಯ ಮಾಸ್ತರು. ಅವರೋ ಕನ್ನಡದವರು. ಮೊದಲನೇ ಕಾಗದ ತಂದ ದಿನವೇ ಕಟ್ಟೆಯ ಮೇಲೆ ಕುಳಿತು ಅವರು ಹೇಳಿಬಿಟ್ಟರಂತೆ, "ನನಗ ನಿಮ್ಮ ಮಾತು ತಿಳಿಯಂಗಿಲ್ಲವ್ವಾ. ಬರೇ ಅಕ್ಷರಾ ಓದತೀನಿ. ಕೇಳಿ ನೀನ ತಿಳಕೋ."

ಹೀಗೆ ಮಾಸ್ತರು ಹೊರಗೆ ಕಟ್ಟೆಯ ಮೇಲೆ, ಗೋಷೆಯ ಪದ್ಧತಿಯಂತೆ ನಾನಿ ಒಳಗೆ ಬಾಗಿಲ ಮರೆಯಲ್ಲಿ, ಅವಳ ಪಕ್ಕ ಬಡೀಮಾ. ಮಾಸ್ತರು ಒಂದೊಂದೇ ಅಕ್ಷರ ಕೂಡಿಸಿ ಓದುವುದು. ನಾನಿ ಕೇಳಿ ತಿಳಿದುಕೊಂಡು ಬಡೀಮಾಳ ಕಿವಿಯಲ್ಲಿ ಕೂಗುವುದು. ಗಂಡ ತನಗಾಗಿ ಬರೆದ ಮಾತುಗಳನ್ನು ಇಟ್ಟುಕೊಂಡು ಉಳಿದದ್ದನ್ನು ಕೂಗುತ್ತಿದ್ದೆ ಎಂದು ನಾನಿ ನಗುತ್ತಿದ್ದಳು. ಮಾಸ್ತರಿಗೆ ತಿಳಿಯದಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನಾಚಿಕೆಯಿಂದ ಸತ್ತೇಹೋಗುತ್ತಿದ್ದೆ ಎಂದೂ ಹೇಳುತ್ತಿದ್ದಳು.

ಬಡೀಮಾಳಿಗೆ ಒಂದು ನೇಮವಿತ್ತು. ದಿನಾ ಬೆಳಿಗ್ಗೆ ಬಡಿಯುವ ಮೊದಲನೇ ರೊಟ್ಟಿ ಮೌಲಾನ ಪಾಲಿಗೆ. ಮದುವೆಯಾದವನ ಕಾಳಜಿ ಹೆಂಡತಿ ಮಾಡಲಿ, ಮೌಲಾನದು ನಾನು ನೋಡಿಕೊಳ್ಳುತ್ತೇನೆ ಎನ್ನುವಳು. ಆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳಕ್ಕೆ ಇಡಬೇಕು. ಊಟದ ಹೊತ್ತಿಗೆ ಬಂದುಬಿಟ್ಟರೆ ಹಸಿದವನು ಕಾಯಬಾರದಲ್ಲ. ಮರುದಿನ ಹೊಸದು ಇಟ್ಟ ಮೇಲೆ ಹಳೆಯದನ್ನು ಮನೆಯವರು ತಿನ್ನಬೇಕು. ಮನೆಯವರು ಎಂದರೆ ಸೊಸೆ.

ಒಂದು ದಿನ ಬಂದ ಕಾಗದವನ್ನು ಓದುತ್ತ ಮಾಸ್ತರು ನಡುವೆ ತಡೆದರಂತೆ. "ಇಲ್ಲಿ ಶಾಯಿ ಹರಡೇದವ್ವಾ" ಎಂದು ಕನ್ನಡಕ ಒರೆಸಿಕೊಂಡರಂತೆ. ಆಮೇಲೆ ಓದಿದರು, "ಮೌಲಾ ಕು ಬುಖಾರ್ ಆಯಾ. ಮೌಲಾ ನೈ ರಹಾ. ಅಮ್ಮಾ ಕು ನಕ್ಕೊ ಬೋಲೊ, ಮೈ ಆಕೊ ಬೋಲ್ತೌಂ." ಮೌಲಾನಿಗೆ ಜ್ವರ ಬಂತು, ಮೌಲಾ ಉಳಿಯಲಿಲ್ಲ, ಅಮ್ಮನಿಗೆ ಹೇಳಬೇಡ, ನಾನೇ ಬಂದು ಹೇಳುತ್ತೇನೆ. ಗುಂಡು ತಗುಲಿ ಅಲ್ಲ, ಯಾರನ್ನೋ ಹೊತ್ತು ಹೊತ್ತು, ಡೋಲಿಯಲ್ಲಿದ್ದವರ ಜ್ವರವೇ ಇವನಿಗೂ ಅಂಟಿ. ಸರಕಾರದ ಕಾಗದ ಅಣ್ಣನ ಕೈಗೇ ಹೋಗಿತ್ತು. ಮನೆಗೆ ಬಂದದ್ದು ಇಷ್ಟೇ.

ಬಡೀಮಾ ನಾನಿಯ ತೋಳು ಹಿಡಿದು ಅಲುಗಿಸಿದಳು, ಏನಂತೆ, ಏನು ಬರೆದಿದ್ದಾನೆ ಎಂದು. ನಾನಿ ಅವಳ ಕಿವಿಗೆ ಬಾಯಿಟ್ಟು ಇಬ್ಬರೂ ಆರಾಮ, ಮೌಲಾ ಸಲಾಮು ಹೇಳಿದ್ದಾನೆ ಎಂದು ಕೂಗಿದಳು. ಕೂಗುವಾಗ ಒಂದು ಅನುಕೂಲ, ದನಿ ನಡುಗುವುದಿಲ್ಲ ಎಂದು ನನಗೆ ಹೇಳಿದ್ದಳು. ಬಡೀಮಾಳಿಗೆ ಏನನ್ನಿಸಿತೋ, ಬಾಗಿಲಿನ ಹೊರಗೆ ತಲೆ ಹಾಕಿ ಮಾಸ್ತರನ್ನೇ ಕೇಳಿದಳಂತೆ, "ಮಾಸ್ತರ, ಇಕಿ ಹೇಳಿದ್ದು ಖರೇ ಏನ್ರಿ?"

ಮಾಸ್ತರು ಎದ್ದು ಬಂದು ಅವಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು, "ಖರೇ ಅದ ಬಡೀಮಾ. ಹಂಗ ಬರದಾನ."

ಅಜ್ಜ ಬಂದು ಹೇಳಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಮೊದಲನೇ ರೊಟ್ಟಿ ಮೌಲಾನ ಹೆಸರಿಗೆ ಬಡಿಯುವುದು, ಮರುದಿನ ಅದನ್ನು ನಾನಿ ತಿನ್ನುವುದು ನಡೆದೇ ಇತ್ತು. ಸತ್ತವನ ಹೆಸರಿನಲ್ಲಿ ಅನ್ನ ಬಡವರಿಗೆ ಹೋಗಬೇಕು, ಫಾತಿಹಾ ಓದಿಸಬೇಕು. ಬದುಕಿದ್ದಾನೆಂದು ಎತ್ತಿಟ್ಟದ್ದನ್ನು ಸತ್ತಿದ್ದಾನೆಂದು ಗೊತ್ತಿದ್ದವಳು ನುಂಗಬೇಕಾಯಿತು. ಮಜ್ಜಿಗೆಯಲ್ಲಿ ನೆನೆಸಿದರೂ ಇಳಿಯುತ್ತಿರಲಿಲ್ಲವಂತೆ. ಬಡೀಮಾ ಎದುರಿಗೇ ಕುಳಿತು ನೋಡುವಳು, ಒಂದು ಚೂರು ಬಿಡುವಂತಿಲ್ಲ.

ಇದನ್ನೆಲ್ಲ ನಾನಿ ನನಗೆ ಹೇಳುತ್ತಿದ್ದುದು ಒಲೆಯ ಮುಂದೆ. ನಾನು ಅವಳ ಎದುರು ಕುಳಿತು, ಅವಳು ಬಡಿದ ರೊಟ್ಟಿಗಾಗಿ ಕಾಯುವುದು. ಎಷ್ಟೇ ಹಸಿವಾಗಲಿ, ಯಾರಿಗೂ ಅವಳು ಇಡೀ ರೊಟ್ಟಿ ಕೊಟ್ಟವಳಲ್ಲ. ಮುರಿದು ಅರ್ಧ ನನ್ನ ತಟ್ಟೆಗೆ, ಅರ್ಧ ತನ್ನ ತಟ್ಟೆಗೆ. ಅಮ್ಮಿಯೂ ಹಾಗೆಯೇ. ನಾನೂ ಹಾಗೆಯೇ. ಆಮ್‌ಸ್ಟೆಲ್‌ವೇನ್‌ನ ಅಂಗಡಿಯಿಂದ ತಂದ ಹಳೆಯ ಜೋಳದ ಹಿಟ್ಟಿನಲ್ಲಿ ನಾನು ಬಡಿಯುವ ರೊಟ್ಟಿ ಹೇಗೂ ತಾನಾಗಿಯೇ ಎರಡಾಗುತ್ತದೆ, ನನ್ನ ಕೌಶಲ ಅಂಥದ್ದು.

ಇಷ್ಟನ್ನೂ ಅವತ್ತು ಬಾಗಿಲ ಈಚೆಯಿಂದ ಸನಾಳಿಗೆ ಹೇಳಿದೆ. ಪತ್ರ ಮುಗಿದಿತ್ತು, ಕೆಳಗೆ ಹೋಗಿ ಲ್ಯಾಪ್‌ಟಾಪು ತೆರೆಯಲು ಮನಸ್ಸಿರಲಿಲ್ಲ. ಅವಳೂ ಬೇಸತ್ತಿದ್ದಳು. ಹೇಳುತ್ತ ಕೊನೆಗೆ, ನಾನಿ ಯಾವಾಗಲೂ ಗೊಣಗುತ್ತಿದ್ದ ಒಂದು ಮಾತನ್ನೂ ಹೇಳಿದೆ. ಅಜ್ಜ ಬಂದು ವಿಷಯ ತಿಳಿಸಿದ ಮೇಲೆ ಬಡೀಮಾ ಸಾಯುವವರೆಗೂ ಟಪಾಲು ಮಾಸ್ತರ ಮುಖ ನೋಡಲಿಲ್ಲವಂತೆ. ಅವರು ಬಂದರೆ ಗೋಡೆಯ ಕಡೆ ತಿರುಗಿ ಕೂರುವಳು. ಮಾಸ್ತರು ನಮ್ಮ ಮನೆಯ ಮುಂದೆ ಬಂದಾಗೆಲ್ಲ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಹೋಗಿ, ಮನೆ ದಾಟಿದ ಮೇಲೆ ಹತ್ತುತ್ತಿದ್ದರಂತೆ. "ಅಷ್ಟು ಉಪಕಾರ ಮಾಡಿದ ಮನಷ್ಯಾ. ಯಾಕ ಹಂಗ ಮಾಡತಿದ್ಲೋ, ಮುಪ್ಪಿನ ಹಟ" ಎನ್ನುತ್ತಿದ್ದಳು ನಾನಿ.

ಬಾಗಿಲ ಆಚೆ ಮಂಚ ಕಿರುಗುಟ್ಟಿತು. ಅವಳು ಎದ್ದು ಕುಳಿತಿರಬೇಕು.

"ಮಾ, ವೇಟ್" ಅಂದಳು ಸನಾ. "ಆ ಮಾಸ್ಟರ್‌ಗೆ ಲಾಂಗ್ವೇಜ್ ಅರ್ಥ ಆಗಲ್ಲ ತಾನೆ? ಮತ್ತೆ ಹಾಗೇ ಬರ್ದಿದಾನೆ ಅಂತ ಅವ್ರು ಹೆಂಗೆ ಹೇಳಿದ್ರು? ಡಟ್ ಕಾನ್ ಟೊಖ್ ನೀಟ್." ಅದು ಸಾಧ್ಯವೇ ಇಲ್ಲ ಎಂದು ಅದರ ಅರ್ಥ. ಅಷ್ಟು ಡಚ್ ನನಗೂ ಬರುತ್ತದೆ.

ನಲವತ್ತು ವರ್ಷದಿಂದ ಈ ಕಥೆ ನನ್ನ ಬಳಿ ಇದೆ. ಒಂದು ಸಲವೂ ನನಗಿದು ಹೊಳೆಯಲಿಲ್ಲ. ವಿಜಯಪುರದ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ದಖನಿ ತಿಳಿಯುವುದಿಲ್ಲವೆಂದರೆ ಹೇಗೆ ನಂಬಿದೆವು? ನಮ್ಮ ಸಂತೆಯೇ ಎರಡು ಮಾತಿನಲ್ಲಿ ನಡೆಯುತ್ತದೆ. ಹೆಣ್ಣುಮಗಳಿಗೆ ಗಂಡ ಬರೆದ ಮಾತು, ನಾಚಿಕೊಳ್ಳದೆ ಕೇಳಲಿ ಎಂದು ಆ ಮನುಷ್ಯ ಮೊದಲ ದಿನವೇ ತಿಳಿಯದವನಾಗಿ ಕುಳಿತ. ಆಮೇಲೆ ಆ ಕಾಗದ ಬಂದಾಗ ಎಲ್ಲ ತಿಳಿದೂ ಖರೇ ಅಂದ. ಒಳ್ಳೆಯದಕ್ಕೇ ಅಂದ. ಬಡೀಮಾಳಿಗೆ ಆ ಹದಿನಾಲ್ಕು ತಿಂಗಳ ನಂತರ ಇದೆಲ್ಲ ಹೊಳೆದಿರಬೇಕು. ಕಿವಿ ಮಂದವಿದ್ದರೂ ಲೆಕ್ಕ ಚುರುಕಾಗಿತ್ತು.

ಇಷ್ಟು ದಿನ ನಾನು ನನ್ನನ್ನು ನಾನಿಯ ಜಾಗದಲ್ಲಿ ಕೂರಿಸಿಕೊಂಡಿದ್ದೆ ಎಂದು ಆಗ ನನಗೆ ಗೊತ್ತಾಯಿತು. ಅವಳ ಹಾಗೆ ನಾನೂ ಹೊರುತ್ತಿದ್ದೇನೆ, ಅವಳ ಹಾಗೆ ನನಗೂ ಸುಸ್ತಾಗಿದೆ ಎಂದು ಒಳಗೊಳಗೇ ಮರುಕಪಟ್ಟುಕೊಂಡಿದ್ದೆ. ಅದು ಸುಳ್ಳು. ನಾನಿಯ ಜಾಗದಲ್ಲಿದ್ದವನು ಅಶ್ಫಾಕ್. ಅಮ್ಮಿ ದಿನಾ ತನಗೆ ಮಾಡಿದ ಗಂಜಿಯಲ್ಲಿ ಅರ್ಧ ತೆಗೆದು, ಡಬ್ಬಿಗೆ ಹಾಕಿಸಿ, ಭಾಯಿಗೆ ಕೊಟ್ಟು ಬಾ ಎಂದು ಅವನನ್ನು ಕಳಿಸುತ್ತಾಳೆ. ಲಾಕ್‌ಡೌನಿನಲ್ಲಿ ಬೆಳಗಿನ ಹೊತ್ತು ಹೊರಗೆ ಹೋಗಲು ಬಿಡುವ ವೇಳೆಯಲ್ಲಿ ಅವನು ಗೋಲಗುಮ್ಮಟದ ಹಿಂದಿನ ರಸ್ತೆಗೆ ಹೋಗಿ ಕಾರು ನಿಲ್ಲಿಸುತ್ತಾನೆ. ರಂಜಾನ್ ಮುಗಿಯುವವರೆಗೆ ತಾನು ಉಪವಾಸವಿದ್ದುದರಿಂದ ಅಲ್ಲಿನ ವಾಚ್‌ಮನ್ನನಿಗೆ ಕೊಡುತ್ತಿದ್ದನಂತೆ. ಈದ್ ಆದ ಮೇಲೆ ವಾಚ್‌ಮನ್ ಊರಿಗೆ ಹೋದ. "ಚೆಲ್ಲಾಕ ಮನಸಾಗಂಗಿಲ್ಲಕ್ಕಾ. ಕಾರಿನಾಗ ಕುಂತು ನಾನ ಉಣ್ತೀನಿ" ಎಂದಿದ್ದ ಒಂದು ದಿನ. ನಾನು ಅದಕ್ಕೂ ಹೂಂ ಅಂದಿದ್ದೆ.

ನಾನು ಮಾಸ್ತರು. ಹೊರಗಿನ ಕಟ್ಟೆಯ ಮೇಲೆ ಕುಳಿತು, ಖರೇ ಅದ ಎಂದು ಮೊಹರು ಒತ್ತುವವಳು. ಅಮ್ಮಿ ನನ್ನನ್ನು ಕೇಳಿದ್ದು ನಾನು ದೂರದವಳೆಂದೇ. ಮುಚ್ಚಿಡುವ ಗರಜು ದೂರದವಳಿಗೆ ಏನಿರುತ್ತದೆ ಎಂದು. ಮಾಮುವಿನ ಮೂರನೇ ದಿನದ ಜಿಯಾರತ್ ಅವಳಿಗೆ ತಪ್ಪಿತು, ಹತ್ತನೇ ದಿನವೂ ತಪ್ಪಿತು. ನಲವತ್ತನೇ ದಿನವೂ ಹೀಗೆಯೇ ದಾಟಿಬಿಟ್ಟರೆ, ಒಡಹುಟ್ಟಿದವನಿಗಾಗಿ ಅವಳು ಕುಳಿತು ಅಳಲು ಯಾವ ದಿನವೂ ಉಳಿಯುವುದಿಲ್ಲ. ಆಮೇಲೆ ಅವಳು ಗಟ್ಟಿಯಾಗುತ್ತಾಳೆ, ಎಲ್ಲ ತಿಳಿಯುತ್ತದೆ, ನನ್ನ ಕರೆ ಬಂದಾಗ ಗೋಡೆಯ ಕಡೆ ತಿರುಗುತ್ತಾಳೆ. ನನಗೆ ಹೆದರಿಕೆಯಾದದ್ದು ಇದಕ್ಕೆ, ಮರ್ಯಾದೆ ಬಿಟ್ಟು ಹೇಳುತ್ತೇನೆ. ಅವಳ ಎದೆ ತಡೆಯಲಿಕ್ಕಿಲ್ಲ ಎಂದಲ್ಲ.

ಮಾಮುವಿನ ಹೆಸರೂ ಮೌಲಾಸಾಬ ಎಂದು ಹೇಳಿದೆನೋ ಇಲ್ಲವೋ. ಅಜ್ಜ ಬಂದ ಮರುವರ್ಷ ಹುಟ್ಟಿದ ಮಗನಿಗೆ ಬಡೀಮಾಳೇ ಆ ಹೆಸರಿಟ್ಟಳು.

ಮರುದಿನ ಅಶ್ಫಾಕನಿಗೆ ಫೋನು ಮಾಡಿ, ಇವತ್ತು ಹೇಳಿಬಿಡೋಣ ಅಂದೆ. ಅವ ಬೈಯುತ್ತಾನೆ ಎಂದು ಸಿದ್ಧಳಾಗಿದ್ದೆ. ಅವನು ಬೈಯಲಿಲ್ಲ. "ಹೇಳೂಣಕ್ಕಾ. ನನಗೂ ಸಾಕಾಗೇತಿ. ಆ ಗಂಜಿ ಇಳಿಯಂಗಿಲ್ಲ" ಅಂದ.

ಮಧ್ಯಾಹ್ನ ಅವನು ಅಮ್ಮಿಯ ಮಂಚದ ಮೇಲೆ ಕುಳಿತ. ನಾನು ಇಲ್ಲಿ ಅಡುಗೆಮನೆಯ ಮೇಜಿನ ಮುಂದೆ. ಹೇಗೆ ಶುರು ಮಾಡಬೇಕೆಂದು ಮೂರು ಸಲ ಮನಸ್ಸಿನಲ್ಲೇ ಬರೆದುಕೊಂಡಿದ್ದೆ, ಅಮ್ಮಿ ಎಂದಿನಂತೆ "ಭಾಯಿ ಹೆಂಗದಾನ?" ಎಂದಾಗ ಎಲ್ಲ ಮರೆತುಹೋಯಿತು. "ಭಾಯಿ ಇಲ್ಲ ಅಮ್ಮಿ" ಅಂದೆ. "ರಂಜಾನಿನಾಗನ ಹೋದರು. ನಾ ಇಷ್ಟ ದಿನಾ ಸುಳ್ಳು ಹೇಳೀನಿ."

ಅವಳು ಕೂಗಲಿಲ್ಲ. ನನ್ನ ಕಡೆ ನೋಡಲಿಲ್ಲ. ಅಶ್ಫಾಕನ ಮುಖವನ್ನೇ ನೋಡುತ್ತ, "ಡಬ್ಬಿ?" ಅಂದಳು.

"ನಾನ ಉಣ್ತಿದ್ದೆ" ಅಂದ ಅವನು.

ಅಮ್ಮಿ ಅವನ ತಲೆಯನ್ನು ಹಿಡಿದು ತನ್ನ ಭುಜಕ್ಕೆ ಒತ್ತಿಕೊಂಡಳು. ಐವತ್ತರ ಹತ್ತಿರದ ಗಂಡಸು, ಹುಡುಗನ ಹಾಗೆ ಅತ್ತ. ಫೋನು ವಾಲಿ ನನಗೆ ಬರೀ ಫ್ಯಾನು ಕಾಣುತ್ತಿತ್ತು. ಆ ಫ್ಯಾನು ನೋಡುತ್ತ ನಾನು ಎಷ್ಟು ಹೊತ್ತು ಕುಳಿತೆನೋ. ಕೊನೆಗೆ ಅವಳ ದನಿ ಮಾತ್ರ ಕೇಳಿಸಿತು, "ಎಷ್ಟ ದಿನಾ ಆತು?"

"ಇಪ್ಪತ್ಮೂರು ಅಮ್ಮಿ."

"ಹಂಗಾರ ಇನ್ನಾ ಹದಿನೇಳು ಅದಾವ. ನಲವತ್ತನೇ ದಿನಕ್ಕ ನಾ ಎದ್ದು ಕುಂತಿರತೀನಿ." ಆಮೇಲೆ ಫೋನನ್ನು ಎತ್ತಿಕೊಂಡಳು. ಮುಖ ಕಾಣಿಸಿತು. "ಈದ್ ದಿನಾ ನಾ ನಿನ್ನನ್ನ ಕೇಳಿದ್ದೆ. ಇವನ್ನ ಹೊರಗ ಕಳಿಸಿ ಕೇಳಿದ್ದೆ."

"ಹೌದು ಅಮ್ಮಿ."

"ನಾಳೆ ಫೋನ್ ಮಾಡಬ್ಯಾಡ. ಮಾಡಬೇಕ ಅನಿಸಿದಾಗ ನಾನ ಮಾಡತೀನಿ."

ಗುರುವಾರ ಫೋನು ಬರಲಿಲ್ಲ. ನಾನು ಆಫೀಸಿನ ಕೆಲಸ ಮಾಡಿದೆ, ಪಾತ್ರೆ ತೊಳೆದೆ, ಸನಾಳ ಸ್ಟೂಲಿನ ಮೇಲೆ ಮೂರು ಹೊತ್ತು ತಟ್ಟೆ ಇಟ್ಟು ತೆಗೆದೆ. ಆಕಾಶದಲ್ಲಿ ಒಂದೇ ಒಂದು ವಿಮಾನ ಹೋಯಿತು. ಅದು ದಾಟುವವರೆಗೆ ಸಿಂಕಿನ ಮುಂದೆ ನಿಂತಿದ್ದೆ.

ಆ ದಿನವಿಡೀ ನನಗೆ ನೆನಪಾಗುತ್ತಿದ್ದುದು ನಾನಿಯ ಕಥೆಯ ಕೊನೆ. ಅದನ್ನು ಸನಾಳಿಗೂ ಹೇಳಿರಲಿಲ್ಲ. ಅಜ್ಜ ಬಂದು ಸುದ್ದಿ ಹೇಳಿದ ಮೇಲೆ ಬಡೀಮಾ ಮೂರು ದಿನ ಬಾಯಿಗೆ ನೀರು ಬಿಟ್ಟು ಏನೂ ಹಾಕಲಿಲ್ಲವಂತೆ. ನಾಲ್ಕನೇ ದಿನ ನಾನಿಯನ್ನು ಕರೆದು ಕೇಳಿದಳು, ಇಷ್ಟು ದಿನ ಆ ರೊಟ್ಟಿ ತಿನ್ನುವಾಗ ನಿನಗೆ ಗೊತ್ತಿತ್ತಾ ಎಂದು. ನಾನಿ ಹೌದೆಂದು ತಲೆಯಾಡಿಸಿದಳು. ಆಗ ಬಡೀಮಾ ಹೇಳಿದ್ದು ಇಷ್ಟೇ, "ಒಬ್ಬಾಕಿನ ತಿಂದಿ. ನನಗ ಅರ್ಧಾ ಕೊಡಬೇಕಿತ್ತು."

ಅವತ್ತಿನಿಂದ ನಾನಿ ಯಾರಿಗೂ ಇಡೀ ರೊಟ್ಟಿ ಬಡಿಸಲಿಲ್ಲ.

ಇವತ್ತು ಶುಕ್ರವಾರ. ಮಧ್ಯಾಹ್ನ ರೊಟ್ಟಿ ಬಡಿದು, ಸನಾಳ ತಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಅಮ್ಮಿ. ಕಣ್ಣು ಊದಿದ್ದವು, ಆದರೆ ಕುರ್ಚಿಯ ಮೇಲೆ ಕುಳಿತಿದ್ದಳು. ಹಿಂದೆ ಅಶ್ಫಾಕ್ ಡಬ್ಬಿ ಇಲ್ಲದೆ, ತಟ್ಟೆ ಹಿಡಿದು ಉಣ್ಣುತ್ತಿದ್ದ. ಮಾಮುವಿನ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ.

"ನಿಮ್ಮಲ್ಲಿ ಎಲ್ಲಾರೂ ಆರಾಮದೀರೇನು?" ಎಂದು ಕೇಳಿದಳು.

"ಆರಾಮದೀವಿ ಅಮ್ಮಿ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಮುದುಕಿ, ಅಣ್ಣನನ್ನು ಕಳೆದುಕೊಂಡವಳು, ಇದನ್ನು ಕೇಳಿ ಏನಾದೀತು, ಇನ್ನೆರಡು ದಿನ ಹೋಗಲಿ. ಆ ಎಲ್ಲ ಮಾತುಗಳೂ ಎಷ್ಟು ಬೇಗ ಸಾಲಾಗಿ ಬಂದು ನಿಂತವು. ವಿಮಾನವಿಲ್ಲದಿದ್ದರೂ ಅರ್ಧ ವಾಕ್ಯಕ್ಕೆ ನಿಂತೆ.

"ಸನಾಗ ಬಂದೈತಿ ಅಮ್ಮಿ. ಇವತ್ತು ಏಳನೇ ದಿನಾ. ಜ್ವರ ಇಳದೈತಿ, ಕೆಮ್ಮು ಐತಿ. ನನಗ ಭಾಳ ಸಾಕಾಗೇತಿ."

ಅಮ್ಮಿ ಫೋನನ್ನು ಮುಖದ ಹತ್ತಿರ ತಂದಳು. "ಖರೇ ಏನು? ಇಳದೈತಿ?"

"ಖರೇನ."

"ಫೋನ್ ಬಾಗಲಕ್ಕ ಹಿಡಿ" ಅಂದಳು.

ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಹಿಡಿದೆ. ಅಮ್ಮಿ ದುವಾ ಓದತೊಡಗಿದಳು. ಅರಬ್ಬೀ ಮಾತು, ಆಚೆಗಿನವಳಿಗೆ ಅರ್ಥವಾಗದು, ನನಗೂ ಪೂರಾ ಅರ್ಥವಾಗದು. ಆಚೆ ಹಾಸಿಗೆಯಿಂದ ಎದ್ದು ಬಂದು ಸನಾ ಬಾಗಿಲಿಗೆ ಒರಗಿ ಕುಳಿತ ಸದ್ದಾಯಿತು. ದಿನಾ ನಾನು ತಟ್ಟೆ ಇಟ್ಟು, ಬಾಗಿಲು ಬಡಿದು, ಕೆಳಗಿಳಿದು, ನನ್ನದನ್ನು ಸಿಂಕಿನ ಮುಂದೆ ನಿಂತೇ ತಿಂದು ಮುಗಿಸುತ್ತಿದ್ದೆ. ಇವತ್ತು ಇಳಿಯಲಿಲ್ಲ. ಒಂದು ಕೈಯಲ್ಲಿ ಫೋನನ್ನು ಬಾಗಿಲಿಗೆ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ರೊಟ್ಟಿ ಮುರಿದೆ. ಅರ್ಧವನ್ನು ಅವಳ ತಟ್ಟೆಯಲ್ಲಿ ಬಿಟ್ಟು, ಅರ್ಧ ತೆಗೆದುಕೊಂಡು ಮೇಲಿನ ಮೆಟ್ಟಿಲ ಮೇಲೆ ಕುಳಿತು ತಿಂದೆ.